ಬೀಜದ ಹಿಂದೆ ಹೊರಟವರು: ನಿಕೊಲಾಯ್ ವಾವಿಲೋವ್

ನಮ್ಮ ಮಹಿಳಾ ವಿಭಾಗದ ಈ ಸಲದ ಇ-ಸಂಚಿಕೆಗೆ ಯಾರಾದರೂ ಸಾಧಕರ ಜೀವನದ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕಿಯವರು ಫೋನ್ ಮಾಡಿದಾಗ ನಾನು ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಯಾರ ಬಗ್ಗೆ ಬರೆಯುತ್ತೀರಿ ಎಂದು ಕೇಳಿದರು. ಕೈಯಲ್ಲಿದ್ದ ಬದನೆಯನ್ನೇ ನೋಡುತ್ತಾ ರಷ್ಯಾದ ಒಬ್ಬ ವಿಜ್ಞಾನಿಯ ಬಗ್ಗೆ ಎಂದುಬಿಟ್ಟೆ. ಆ ಕಡೆ ಒಂದು ಕ್ಷಣ ಮಾತೇ ಇಲ್ಲ. ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ ಇವರನ್ನೆಲ್ಲ ಬಿಟ್ಟು ಮಹಿಳಾ ವಿಭಾಗದ ಸಂಚಿಕೆಗೆ ರಷ್ಯಾದ ಗಂಡಸು ಯಾಕೆ ಎಂದು ಅವರಿಗೆ ಅನಿಸಿರಬೇಕು. ಒಪ್ಪಿಕೊಂಡರು, ಅದು ಅವರ ದೊಡ್ಡತನ. ಕಾರಣವನ್ನು ಈಗ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೊಂದು ಇದೆ.

ನನ್ನ ಗಂಡನ ಮನೆ ಉಡುಪಿ ಹತ್ತಿರದ ಹಳ್ಳಿ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಪ್ರತಿ ಮೇ ತಿಂಗಳಲ್ಲಿ ಊರಿಗೆ ಹೋಗುವುದು, ತಿರುಗಿ ಬರುವಾಗ ಅತ್ತೆ ಕಟ್ಟಿಕೊಟ್ಟದ್ದನ್ನು ಹೊತ್ತು ತರುವುದು ನಡೆದು ಬಂದ ಪದ್ಧತಿ. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ್ದ ಎರಡು ಸೌತೆಕಾಯಿ. ಇವುಗಳ ಜೊತೆಗೆ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಮಡಚಿದ ಸಣ್ಣ ಸಣ್ಣ ಪೊಟ್ಟಣಗಳು ಇರುತ್ತಿದ್ದವು. ಅಲಸಂಡೆ, ಹರಿವೆ, ಹಾಲುಬೆಂಡೆ, ಹೀರೆ, ಮತ್ತು ಅವರ ಹಿತ್ತಿಲಿನ ಬದನೆ. ಆ ಬದನೆ ಹೆಸರಾದ ಮಟ್ಟುಗುಳ್ಳ ಅಲ್ಲ. ಅದಕ್ಕಿಂತ ಚಿಕ್ಕದು, ತಿಳಿ ಹಸಿರು, ತೊಟ್ಟಿನ ಬಳಿ ಬಿಳಿ ಗೆರೆ. ಹುಳಿಗೆ ಹಾಕಿದರೆ ಕರಗದು, ಸುಟ್ಟು ಗೊಜ್ಜು ಮಾಡಿದರೆ ಬೆಣ್ಣೆ. ಅದಕ್ಕೊಂದು ಹೆಸರೂ ಇರಲಿಲ್ಲ, ಮನೆಬದನೆ ಅಷ್ಟೇ. ಅತ್ತೆಗೆ ಅದರ ಬೀಜ ಅವರ ಅತ್ತೆಯಿಂದ ಬಂದದ್ದು.

ಒಂದನೆಯ ಮಹಡಿಯ ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಟು ಒಂದೆರಡು ವರ್ಷ ಬೆಳೆಸಿದೆ. ಆಮೇಲೆ ಮಕ್ಕಳ ಪರೀಕ್ಷೆ, ನನ್ನ ಕೆಲಸ, ಲೋಕಲ್ ರೈಲು. ಪೊಟ್ಟಣಗಳು ಅಡುಗೆಮನೆಯ ಡ್ರಾಯರಿನಲ್ಲಿ ಉಳಿದವು. ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗಿ ಬಾಡಿಗೆ ಮನೆಗೆ ಸಾಮಾನು ಸಾಗಿಸುವಾಗ, ಹಳೆಯ ಕಾಗದಗಳ ಜೊತೆ ಅವನ್ನೂ ಕಸದ ಚೀಲಕ್ಕೆ ಹಾಕಿದೆ. ಬೀಜಕ್ಕೇನು, ಮುಂದಿನ ಸಲ ಅತ್ತೆ ಮತ್ತೆ ಕೊಡುತ್ತಾರಲ್ಲ ಎಂದುಕೊಂಡೆ. ಮರುವರ್ಷದ ಮಳೆಗಾಲದಲ್ಲಿ ಅತ್ತೆ ಹೋಗಿಬಿಟ್ಟರು. ಹನ್ನೊಂದನೆಯ ದಿನ ಕಳೆದ ಮೇಲೆ ಹಿತ್ತಿಲಿಗೆ ಹೋಗಿ ನೋಡಿದೆ, ಅಲ್ಲಿ ಬದನೆ ಗಿಡ ಇರಲಿಲ್ಲ. ಅವರು ಹಾಸಿಗೆ ಹಿಡಿದ ಮೇಲೆ ಯಾರೂ ಹಾಕಿರಲಿಲ್ಲ. ನೆರೆಮನೆಗಳಲ್ಲಿ ಕೇಳಿದೆ. ಎಲ್ಲರೂ ಈಗ ಅಂಗಡಿಯ ಪ್ಯಾಕೆಟ್ ಬೀಜ ಹಾಕುತ್ತಾರಂತೆ. ಮೂರು ತಲೆಮಾರು ಕೈಯಿಂದ ಕೈಗೆ ಬಂದದ್ದು ನನ್ನ ಡ್ರಾಯರಿನಲ್ಲಿ ಬಂದು ನಿಂತಿತು ಎಂದು ಆಗ ಗೊತ್ತಾಯಿತು.

ಆ ಬೇಸರದ ದಿನಗಳಲ್ಲಿ, ಕೃಷಿ ವಿಜ್ಞಾನ ಓದುತ್ತಿದ್ದ ನನ್ನ ತಂಗಿಯ ಮಗಳು ರಜೆಗೆ ಬಂದಿದ್ದಳು. ಅವಳ ಪಠ್ಯಪುಸ್ತಕದಲ್ಲಿ ಒಬ್ಬರ ಫೋಟೊ ಇತ್ತು. ಕೋಟು, ಟೈ, ಮೀಸೆ, ನಗುವ ಕಣ್ಣು. ಇವರು ಯಾರು ಎಂದು ಕೇಳಿದೆ. ಬೀಜ ಕೂಡಿಸಲಿಕ್ಕೆ ಭೂಮಿಯನ್ನೆಲ್ಲ ಸುತ್ತಿ ಕೊನೆಗೆ ಜೈಲಿನಲ್ಲಿ ಹಸಿವಿನಿಂದ ಸತ್ತವರು, ದೊಡ್ಡಮ್ಮಾ ಎಂದಳು. ಅಂದಿನಿಂದ ನಾನು ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ನಿಕೊಲಾಯ್ ಇವಾನೊವಿಚ್ ವಾವಿಲೋವರು ಹುಟ್ಟಿದ್ದು 1887ರ ನವೆಂಬರ್ 25ರಂದು, ಮಾಸ್ಕೋದಲ್ಲಿ. ತಂದೆ ಹಳ್ಳಿಯ ರೈತ ಮನೆತನದವರು. ಹುಡುಗನಾಗಿದ್ದಾಗಲೇ ಪಟ್ಟಣಕ್ಕೆ ಬಂದು, ಅಂಗಡಿಯ ಕೆಲಸದಿಂದ ಮೇಲೆದ್ದು ಬಟ್ಟೆಯ ದೊಡ್ಡ ವ್ಯಾಪಾರಿಯಾದರು. ಊಟದ ಬಡತನ ಮಕ್ಕಳಿಗೆ ತಟ್ಟಲಿಲ್ಲ, ಆದರೆ ಬೆಳೆ ಕೈಕೊಟ್ಟರೆ ಊರು ಹೇಗೆ ಹಸಿಯುತ್ತದೆ ಎಂಬುದು ಆ ಮನೆಗೆ ತಿಳಿದ ಸಂಗತಿ. ನಿಕೊಲಾಯ್ ನಾಲ್ಕು ವರ್ಷದ ಮಗುವಾಗಿದ್ದಾಗ, 1891-92ರಲ್ಲಿ, ವೋಲ್ಗಾ ನದಿಯ ಬಯಲಿನಲ್ಲಿ ಭೀಕರ ಬರಗಾಲ ಬಿದ್ದಿತ್ತು. ಮಕ್ಕಳು ನಾಲ್ವರೂ ಓದಿನಲ್ಲಿ ಮುಂದೆ. ತಮ್ಮ ಸೆರ್ಗೆಯ್ ಮುಂದೆ ದೊಡ್ಡ ಭೌತವಿಜ್ಞಾನಿಯಾದರು. ಅಕ್ಕ ವೈದ್ಯೆ. ತಂಗಿ ರೋಗಾಣುಗಳ ಅಧ್ಯಯನಕ್ಕೆ ಇಳಿದು 1914ರಲ್ಲಿ ಸಿಡುಬಿಗೆ ಬಲಿಯಾದಳು.

ತಂದೆಗೆ ಮಗ ವ್ಯಾಪಾರಕ್ಕೆ ಬರಲಿ ಎಂಬ ಆಸೆ. ಮಗ ಆರಿಸಿಕೊಂಡದ್ದು ಮಾಸ್ಕೋದ ಕೃಷಿ ಕಾಲೇಜು. ಅಲ್ಲಿ ಅವರ ಮೊದಲ ಪ್ರಬಂಧ ಹೊಲ ಮತ್ತು ತರಕಾರಿ ಮಡಿಗಳನ್ನು ತಿನ್ನುವ ಗೊಂಡೆಹುಳುಗಳ ಬಗ್ಗೆ. ಆಮೇಲೆ ಸೇಂಟ್ ಪೀಟರ್ಸ್‌ಬರ್ಗಿನ ಸಸ್ಯ ಸಂಶೋಧನಾ ಕಚೇರಿಯಲ್ಲಿ ಕೆಲಸ. 1913ರಲ್ಲಿ ಇಂಗ್ಲೆಂಡಿಗೆ ಹೋಗಿ, ಆಗಷ್ಟೇ ಕಣ್ಣು ಬಿಡುತ್ತಿದ್ದ ತಳಿಶಾಸ್ತ್ರವನ್ನು ವಿಲಿಯಂ ಬೇಟ್ಸನ್ ಅವರ ಹತ್ತಿರ ಕಲಿತರು. ತಾಯಿ ಗಿಡದ ಗುಣ ಮರಿ ಗಿಡಕ್ಕೆ ಹೇಗೆ ಹೋಗುತ್ತದೆ, ಒಂದೇ ಜಾತಿಯ ಒಂದು ಗಿಡ ರೋಗಕ್ಕೆ ಬಗ್ಗಿದರೆ ಇನ್ನೊಂದು ಹೇಗೆ ತಡೆದು ನಿಲ್ಲುತ್ತದೆ, ಇದು ಅವರನ್ನು ಕಾಡಿದ ಪ್ರಶ್ನೆ.

1916ರಲ್ಲಿ ಒಂದು ಘಟನೆ ನಡೆಯಿತು. ಯುದ್ಧದ ಕಾಲ. ಪರ್ಶಿಯಾದಲ್ಲಿದ್ದ ರಷ್ಯನ್ ಸೈನಿಕರು ಅಲ್ಲಿನ ರೊಟ್ಟಿ ತಿಂದು ಅಮಲೇರಿದವರಂತೆ ತೂರಾಡಿ ಬೀಳುತ್ತಿದ್ದರು. ಕಾರಣ ಹುಡುಕಲು ವಾವಿಲೋವರನ್ನು ಕಳಿಸಿದರು. ಗೋಧಿಯ ನಡುವೆ ಬೆಳೆದ ಒಂದು ವಿಷದ ಕಳೆಯ ಬೀಜ ಹಿಟ್ಟಿನಲ್ಲಿ ಸೇರಿತ್ತು. ಕಾರಣ ಗೊತ್ತಾಯಿತು. ಆದರೆ ಅವರು ಅಲ್ಲಿಂದ ತಿರುಗಿ ಬರದೆ ಮುಂದೆ ಪಾಮೀರ್ ಪರ್ವತಗಳ ಕಡೆಗೆ ಹೊರಟರು. ಬೆಟ್ಟದ ಅಂಚಿನ ಇಕ್ಕಟ್ಟಾದ ದಾರಿಯಲ್ಲಿ ಹದ್ದುಗಳು ಗೂಡಿನಿಂದ ಹಾರಿ ಕುದುರೆ ಬೆದರಿ ಓಡಿತು, ಪಕ್ಕದಲ್ಲಿ ಪ್ರಪಾತ. ಕುದುರೆಯ ಕೊರಳ ಕೂದಲು ಹಿಡಿದುಕೊಂಡು ಬದುಕಿದರು. ಅಷ್ಟು ಎತ್ತರದ ಹಳ್ಳಿಗಳಲ್ಲಿ ಅವರು ಕಂಡದ್ದು, ಹೊರಗಿನವರು ನೋಡಿಯೇ ಇರದ ಗೋಧಿ, ರೈ ತಳಿಗಳು. ಕೊರೆಯುವ ಚಳಿಯಲ್ಲಿ, ಸಣ್ಣ ಬೇಸಗೆಯಲ್ಲಿ ಬೆಳೆದು ಮುಗಿಯುವಂತೆ ಆ ಬಡ ರೈತರು ತಲೆತಲಾಂತರದಿಂದ ಆರಿಸಿ ಉಳಿಸಿಕೊಂಡು ಬಂದ ಬೀಜ. ರೈತರ ಕೈಯಲ್ಲಿ ಇಂಥ ಸಂಪತ್ತು ಇನ್ನೂ ಎಲ್ಲೆಲ್ಲಿ ಇದೆಯೋ ಎಂಬ ಯೋಚನೆ ಅಲ್ಲಿಂದ ಅವರನ್ನು ಬಿಡಲಿಲ್ಲ.

1917ರಲ್ಲಿ ಸಾರಾತೊವ್ ಪಟ್ಟಣದಲ್ಲಿ ಪ್ರಾಧ್ಯಾಪಕರಾದರು. ಹೊರಗೆ ಕ್ರಾಂತಿ, ಅಂತರ್ಯುದ್ಧ. ಗಂಡು ಹುಡುಗರು ಯುದ್ಧಕ್ಕೆ ಹೋಗಿದ್ದರಿಂದ ಅವರ ಶಿಷ್ಯರಲ್ಲಿ ಹೆಚ್ಚಿನವರು ಹುಡುಗಿಯರು. ಅವರಲ್ಲೊಬ್ಬಳು ಅದೇ ಊರಿನ ಎಲೆನಾ ಬರೂಲಿನಾ. ಆಕೆ ಮುಂದೆ ಮಸೂರದ ಕಾಳಿನ ತಳಿಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ವಾವಿಲೋವರ ಮೊದಲ ಮದುವೆ ಮುರಿದ ಮೇಲೆ ಎಲೆನಾ ಅವರ ಎರಡನೆಯ ಹೆಂಡತಿಯಾದರು. ಈ ಹೆಸರು ನೆನಪಿಡಿ, ಕೊನೆಗೆ ಮತ್ತೆ ಬರುತ್ತದೆ.

1921ರ ಹೊತ್ತಿಗೆ ಅವರು ಪೆಟ್ರೊಗ್ರಾಡಿಗೆ, ಅಂದರೆ ಮುಂದೆ ಲೆನಿನ್‌ಗ್ರಾಡ್ ಎನಿಸಿದ ನಗರಕ್ಕೆ ಬಂದು ಹಳೆಯ ಕಚೇರಿಯ ಮುಖ್ಯಸ್ಥರಾದರು. ಅದೇ ವರ್ಷ ವೋಲ್ಗಾದಲ್ಲಿ ಮತ್ತೆ ಬರಗಾಲ. ಸುಮಾರು 50 ಲಕ್ಷ ಜನ ಸತ್ತರು. ಜನ ಹಸಿವು ತಾಳಲಾರದೆ ಬಿತ್ತನೆಗೆ ಇಟ್ಟ ಬೀಜವನ್ನೂ ತಿಂದಿದ್ದರು. ಹೀಗಾದರೆ ಮುಂದಿನ ವರ್ಷ ಮಳೆ ಬಂದರೂ ಬಿತ್ತಲು ಏನಿರುತ್ತದೆ? ನಮ್ಮಲ್ಲಿ ಬಿತ್ತನೆ ಕಾಳು ತಿನ್ನಬಾರದು ಎಂದು ಹಿರಿಯರು ಹೇಳುತ್ತಿದ್ದ ಮಾತಿನ ಹಿಂದೆ ಇಂಥ ಎಷ್ಟು ಬರಗಾಲಗಳ ನೆನಪಿರಬಹುದು ಎಂದು ನನಗೆ ಅನಿಸುತ್ತದೆ.

ವಾವಿಲೋವರು ಪರಿಹಾರವೊಂದನ್ನು ಕಂಡರು. ಭೂಮಿಯ ಮೇಲೆ ರೈತರು ಬೆಳೆಯುವ ಎಲ್ಲ ಬೆಳೆಗಳ ಎಲ್ಲ ತಳಿಗಳ ಬೀಜವನ್ನೂ ಒಂದು ಕಡೆ ಕೂಡಿಸುವುದು. ಚಳಿ ತಡೆಯುವುದು ಒಂದು, ಬರ ತಡೆಯುವುದು ಒಂದು, ರೋಗ ತಡೆಯುವುದು ಒಂದು. ಬೇಕಾದ ಗುಣ ಎಲ್ಲಿದೆಯೋ ಅಲ್ಲಿಂದ ತೆಗೆದು ಹೊಸ ತಳಿ ಕಟ್ಟುವುದು. ಇದು ಕೇಳಲು ಸುಲಭ. ಮಾಡಲು ಅವರು ಐದು ಖಂಡ ಸುತ್ತಿದರು.

1924ರಲ್ಲಿ ಅಫ್ಘಾನಿಸ್ತಾನ. ಕುದುರೆಯ ಮೇಲೆ, ನಡೆದು, ಸುಮಾರು 5000 ಕಿಲೋಮೀಟರ್. ಅಲ್ಲಿನ ಹೊಲಗಳಲ್ಲಿ ನೇರಳೆ, ಹಳದಿ ಬಣ್ಣದ ಕ್ಯಾರೆಟ್‌ಗಳು. ನಮ್ಮ ದಿಲ್ಲಿಯ ಗೆಳತಿಯರು ಚಳಿಗಾಲದಲ್ಲಿ ಕಾಂಜಿ ಮಾಡಲು ತರುವ ಕಪ್ಪು ಗಾಜರ್ ಇದೆಯಲ್ಲ, ಅದು ಆ ಬಳಗದ್ದೇ. 1926-27ರಲ್ಲಿ ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳು ಮತ್ತು ಇಥಿಯೋಪಿಯ. ಸಿರಿಯಾದಲ್ಲಿ ಮಲೇರಿಯಾ ಹಿಡಿಯಿತು, ನಿಲ್ಲಲಿಲ್ಲ. 1929ರಲ್ಲಿ ಚೀನಾದ ಪಶ್ಚಿಮ ಭಾಗ, ಜಪಾನ್, ಕೊರಿಯಾ. ಜಪಾನಿನ ಸಕುರಾಜಿಮಾದಲ್ಲಿ, ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಬೇಕಾದ ಮೂಲಂಗಿಗಳನ್ನು ಕಂಡರು. 1930ರಲ್ಲಿ ಮೆಕ್ಸಿಕೊ, 1932-33ರಲ್ಲಿ ದಕ್ಷಿಣ ಅಮೆರಿಕ. ಹೋದಲ್ಲೆಲ್ಲ ಮೊದಲು ಸಂತೆಗೆ ಹೋಗುತ್ತಿದ್ದರು. ಆ ಊರಿನ ಜನ ಏನು ಬೆಳೆಯುತ್ತಾರೆ, ಏನು ತಿನ್ನುತ್ತಾರೆ ಎನ್ನುವುದು ಸಂತೆಯಲ್ಲೇ ತಿಳಿಯುವುದಲ್ಲವೇ? ಹಲವು ಭಾಷೆ ಕಲಿತಿದ್ದರಿಂದ ರೈತರ ಹತ್ತಿರ, ವ್ಯಾಪಾರಿಗಳ ಹತ್ತಿರ ಕೂತು ಕೇಳುತ್ತಿದ್ದರು. ರಾತ್ರಿ ನಾಲ್ಕೈದು ಗಂಟೆ ನಿದ್ದೆ ಅವರಿಗೆ ಸಾಕಾಗುತ್ತಿತ್ತು.

ಹೀಗೆ ಸುತ್ತುತ್ತಾ ಅವರು ಒಂದು ದೊಡ್ಡ ಸಂಗತಿ ಗುರುತಿಸಿದರು. ಒಂದು ಬೆಳೆಯ ತಳಿಗಳು ಎಲ್ಲಿ ಅತಿ ಹೆಚ್ಚು ಬಗೆಯಲ್ಲಿ ಸಿಗುತ್ತವೆಯೋ ಅದೇ ಸಾಮಾನ್ಯವಾಗಿ ಆ ಬೆಳೆಯ ತವರು. ಆ ನೆಲದಲ್ಲಿ ಅದು ಸಾವಿರಾರು ವರ್ಷ ಇದ್ದು, ಊರೂರಿಗೆ, ಮನೆಮನೆಗೆ ಬೇರೆಯಾಗುತ್ತಾ ಬಂದಿರುತ್ತದೆ. ಇಂಥ ತವರುಗಳನ್ನು ಅವರು ಭೂಪಟದಲ್ಲಿ ಗುರುತು ಹಾಕಿದರು. 1926ರಲ್ಲಿ ಈ ಬಗ್ಗೆ ಅವರ ಗ್ರಂಥ ಬಂತು. ಆಮೇಲೆ ಬಂದ ವಿಜ್ಞಾನಿಗಳು ಅದನ್ನು ಅಲ್ಲಲ್ಲಿ ತಿದ್ದಿದ್ದಾರೆ, ಆದರೆ ಆ ಭೂಪಟ ಇಂದಿಗೂ ಕೃಷಿ ಓದುವ ಮಕ್ಕಳಿಗೆ ಮೊದಲ ಪಾಠ.

ಅದನ್ನು ಓದಿದ ದಿನ ನಾನು ಕುಕ್ಕರಿನಲ್ಲಿ ಹುಳಿಗೆ ಇಟ್ಟಿದ್ದೆ. ಸುಮ್ಮನೆ ಲೆಕ್ಕ ಹಾಕಿದೆ. ತೊಗರಿಬೇಳೆ, ಬದನೆ ನಮ್ಮ ದೇಶದ್ದೇ. ಸೌತೆಯೂ ನಮ್ಮದೇ. ಈರುಳ್ಳಿ, ಬೆಳ್ಳುಳ್ಳಿ ಮಧ್ಯ ಏಷ್ಯಾದಿಂದ. ಕೊತ್ತಂಬರಿ ಮೆಡಿಟರೇನಿಯನ್ ಸುತ್ತಿನಿಂದ. ಬೆಂಡೆಯನ್ನು ವಾವಿಲೋವರು ಇಥಿಯೋಪಿಯದ ಪಟ್ಟಿಯಲ್ಲಿ ಇಟ್ಟಿದ್ದರು. ಮೆಣಸಿನಕಾಯಿ, ಬೀನ್ಸ್, ಸಿಹಿಕುಂಬಳ ಮೆಕ್ಸಿಕೊ ಕಡೆಯವು. ಆಲೂಗಡ್ಡೆ, ಟೊಮೆಟೊ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಿಂದ. ಒಂದು ಪಾತ್ರೆ ಹುಳಿಯಲ್ಲಿ ಆರೇಳು ನಾಡಿನ ರೈತರ ದುಡಿಮೆ ಕುದಿಯುತ್ತಿತ್ತು. ನಮ್ಮ ದೇಶಕ್ಕೆ ವಾವಿಲೋವರು ತಾವೇ ಬಂದು ಬೀಜ ಕೂಡಿಸಲಾಗಲಿಲ್ಲ. ಅವರ ಸಂಸ್ಥೆಯ ಮಾರ್ಕೊವಿಚ್ ಎಂಬುವರು 1926ರಿಂದ 1928ರವರೆಗೆ ಭಾರತ, ಸಿಲೋನ್, ಜಾವಾ ತಿರುಗಿ ಬೀಜ ಕೊಂಡೊಯ್ದರು. ನಮ್ಮ ಯಾವುದೋ ಹಿತ್ತಿಲಿನ ಬದನೆಯೂ ಆ ಕಟ್ಟಿನಲ್ಲಿ ಇದ್ದಿರಬಹುದು ಎಂದುಕೊಳ್ಳುವುದು ನನಗೆ ಇಷ್ಟ.

ಇಷ್ಟು ಬಗೆ ಯಾಕೆ ಬೇಕು, ಚೆನ್ನಾಗಿ ಇಳುವರಿ ಕೊಡುವ ಒಂದೇ ತಳಿ ಸಾಲದೇ ಎಂದು ಕೇಳಬಹುದು. ಅದಕ್ಕೆ ಐರ್ಲೆಂಡ್ ಉತ್ತರ ಕೊಟ್ಟಿದೆ. ಅಲ್ಲಿನ ಬಡವರು ಹೆಚ್ಚಾಗಿ ಒಂದೇ ಬಗೆಯ ಆಲೂಗಡ್ಡೆಯನ್ನು ನಂಬಿಕೊಂಡಿದ್ದರು. 1845ರಲ್ಲಿ ಅಂಗಮಾರಿ ರೋಗ ಬಂದು ಹೊಲಕ್ಕೆ ಹೊಲವೇ ಕೊಳೆಯಿತು. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದೇ ಆಲೂಗಡ್ಡೆಗೆ ತವರಿನಲ್ಲಿ ನೂರಾರು ಬಗೆ. ವಾವಿಲೋವರ ಸಂಸ್ಥೆಯವರು ಆ ಬೆಟ್ಟಗಳಲ್ಲಿ ಅಲೆದು, ಕಾಡು ಆಲೂಗಡ್ಡೆಗಳನ್ನೂ ಸೇರಿಸಿ ತಂದರು. ರೋಗ ತಡೆಯುವ, ಚಳಿ ತಡೆಯುವ ಗುಣ ಅವುಗಳಲ್ಲಿ ಇತ್ತು.

1940ರ ಹೊತ್ತಿಗೆ ಲೆನಿನ್‌ಗ್ರಾಡಿನ ಸೇಂಟ್ ಐಸಾಕ್ ಚೌಕದ ಆ ಸಂಸ್ಥೆಯಲ್ಲಿ ಎರಡು ಲಕ್ಷಕ್ಕೂ ಮೀರಿ ಬೀಜದ ಮಾದರಿಗಳು ಸೇರಿದ್ದವು. ಅಷ್ಟು ದೊಡ್ಡ ಸಂಗ್ರಹ ಆಗ ಬೇರೆಲ್ಲೂ ಇರಲಿಲ್ಲ. ವಾವಿಲೋವರಿಗೆ ಲೆನಿನ್ ಪ್ರಶಸ್ತಿ ಬಂತು. ದೇಶದ ಕೃಷಿ ವಿಜ್ಞಾನ ಅಕಾಡೆಮಿಗೆ 1929ರಲ್ಲಿ ಮೊದಲ ಅಧ್ಯಕ್ಷರಾದರು. ಬಾಳು ಹೀಗೇ ಸಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ಕಾಲ ಕೆಟ್ಟಿತ್ತು. ಸ್ಟಾಲಿನ್ ಆಳ್ವಿಕೆಯಲ್ಲಿ ರೈತರ ಹೊಲಗಳನ್ನು ಬಲವಂತವಾಗಿ ಒಟ್ಟುಗೂಡಿಸಿದ್ದರಿಂದ 1932-33ರಲ್ಲಿ ಮತ್ತೆ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಸರ್ಕಾರಕ್ಕೆ ಕೂಡಲೇ ಫಸಲು ಬೇಕಿತ್ತು. ಒಂದು ಒಳ್ಳೆಯ ತಳಿ ಕಟ್ಟಲು ಹತ್ತು ಹನ್ನೆರಡು ವರ್ಷ ಬೇಕು ಎಂಬುದು ವಾವಿಲೋವರ ಲೆಕ್ಕ. ಆಗ ಟ್ರೋಫಿಮ್ ಲೈಸೆಂಕೊ ಎಂಬ ಯುವಕ ಮುಂದೆ ಬಂದ. ಬೀಜವನ್ನು ತಣ್ಣಗೆ, ತೇವದಲ್ಲಿ ಇಟ್ಟು ಅದರ ಸ್ವಭಾವವನ್ನೇ ಬದಲಿಸಬಹುದು, ಎರಡು ಮೂರು ವರ್ಷದಲ್ಲಿ ಹೊಸ ತಳಿ ಕೊಡುತ್ತೇನೆ ಎಂದ. ಮೊದಮೊದಲು ವಾವಿಲೋವರೇ ಈ ಹುಡುಗನಿಗೆ ಬೆನ್ನು ತಟ್ಟಿದ್ದರು. ಹಳ್ಳಿಯಿಂದ ಬಂದವನು, ಉತ್ಸಾಹಿ, ಕಲಿಯಲಿ ಎಂದು. ಆತನಿಗೆ ಕಲಿಯುವುದು ಬೇಕಿರಲಿಲ್ಲ. ತಳಿಶಾಸ್ತ್ರವೇ ಸುಳ್ಳು ಎಂದು ಸಾರತೊಡಗಿದ. ಸ್ಟಾಲಿನ್‌ಗೆ ಆತನ ಮಾತು ಹಿಡಿಸಿತು.

1935ರಲ್ಲಿ ವಾವಿಲೋವರ ಅಧ್ಯಕ್ಷ ಪದವಿ ಹೋಯಿತು. 1938ರಲ್ಲಿ ಅದೇ ಕುರ್ಚಿಗೆ ಲೈಸೆಂಕೊ ಬಂದ. ಜೊತೆಯ ವಿಜ್ಞಾನಿಗಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. 1939ರಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ತಳಿಶಾಸ್ತ್ರ ಸಮ್ಮೇಳನಕ್ಕೆ ವಾವಿಲೋವರೇ ಅಧ್ಯಕ್ಷರೆಂದು ಆರಿಸಿದ್ದರು. ಅವರಿಗೆ ದೇಶ ಬಿಡಲು ಅನುಮತಿ ಸಿಗಲಿಲ್ಲ. ಮಾತು ಬದಲಿಸಿದ್ದರೆ ಬದುಕು ಉಳಿಯುತ್ತಿತ್ತೋ ಏನೋ. ಬಹಳ ಜನ ಬದಲಿಸಿದರು. ಅವರು ಬದಲಿಸಲಿಲ್ಲ. ಸಭೆಗಳಲ್ಲಿ ನಿಂತು, ತಾನು ನೋಡಿದ್ದನ್ನು, ಅಳೆದದ್ದನ್ನು ಹೇಳುತ್ತಲೇ ಹೋದರು.

1940ರ ಆಗಸ್ಟ್ 6ರಂದು ಅವರು ಪಶ್ಚಿಮ ಉಕ್ರೇನಿನ ಬೆಟ್ಟಗಳಲ್ಲಿ ಬೀಜ ಹುಡುಕುತ್ತಿದ್ದರು. ಕಪ್ಪು ಕಾರಿನಲ್ಲಿ ಬಂದವರು ಮಾಸ್ಕೋದಿಂದ ತುರ್ತು ಕರೆ ಎಂದು ಕರೆದುಕೊಂಡು ಹೋದರು. ಜೊತೆಗಾರರು ಆಮೇಲೆ ಅವರ ಚೀಲ ಬಿಚ್ಚಿ ನೋಡಿದರೆ, ಆ ದಿನವೇ ಕಿತ್ತಿದ್ದ ಹಳೆಯ ಕಾಲದ ಒಂದು ಗೋಧಿಯ ತೆನೆಕಟ್ಟು ಇತ್ತು. ಅದು ಅವರ ಕೊನೆಯ ಸಂಗ್ರಹ.

ಇಂಗ್ಲೆಂಡಿನ ಗೂಢಚಾರ, ದೇಶದ ಕೃಷಿ ಹಾಳು ಮಾಡಿದವ ಎಂಬ ಆರೋಪ. ಹನ್ನೊಂದು ತಿಂಗಳು ನೂರಾರು ಸಲ ವಿಚಾರಣೆ, ಹೆಚ್ಚಾಗಿ ರಾತ್ರಿಯಲ್ಲಿ. 1941ರ ಜುಲೈ 9ರಂದು ಕೆಲವೇ ನಿಮಿಷಗಳ ನ್ಯಾಯಾಲಯ ಮರಣದಂಡನೆ ಹೇಳಿತು. ಶತ್ರು ಸೈನ್ಯ ಮಾಸ್ಕೋದ ಹತ್ತಿರ ಬಂದಾಗ ಕೈದಿಗಳನ್ನು ದೂರಕ್ಕೆ ಸಾಗಿಸಿದರು. ವಾವಿಲೋವರನ್ನು ಹಾಕಿದ್ದು ಸಾರಾತೊವ್ ಜೈಲಿಗೆ. ತಾವು ಪಾಠ ಮಾಡಿದ, ಎಲೆನಾಳನ್ನು ಕಂಡ ಅದೇ ಊರು. ಮಾಸ್ಕೋದಲ್ಲಿ ಅವರ ವೃದ್ಧ ಗುರು ಪ್ರಿಯಾನಿಶ್ನಿಕೋವ್ ಹೆದರದೆ ಬಾಗಿಲು ಬಾಗಿಲು ತಟ್ಟಿದರು. 1942ರಲ್ಲಿ ಮರಣದಂಡನೆ ಇಪ್ಪತ್ತು ವರ್ಷದ ಸೆರೆಯಾಯಿತು. ಜೈಲಿನಲ್ಲಿ ಅವರು ಸಹಕೈದಿಗಳಿಗೆ ಪಾಠ ಮಾಡುತ್ತಿದ್ದರು. ಜಗತ್ತಿನ ಕೃಷಿಯ ಚರಿತ್ರೆಯನ್ನು ಬರೆದರು, ಆ ಹಸ್ತಪ್ರತಿ ಸಿಗಲೇ ಇಲ್ಲ. ಊಟ ಮಾತ್ರ ಇಲ್ಲದಂತೆಯೇ. 1943ರ ಜನವರಿ 26ರಂದು ಜೈಲಿನ ಆಸ್ಪತ್ರೆಯಲ್ಲಿ ಸತ್ತರು. ವಯಸ್ಸು 55. ಭೂಮಿಯ ಮೇಲೆ ಯಾರೂ ಹಸಿಯಬಾರದೆಂದು ಬೀಜ ಕೂಡಿಸಿದವರನ್ನು ಹಸಿವು ಕೊಂದಿತು.

ಇನ್ನು ಎಲೆನಾ. ಯುದ್ಧ ಬಂದಾಗ ಆಕೆ ಮಗ ಯೂರಿಯನ್ನು ಕರೆದುಕೊಂಡು ತವರೂರು ಸಾರಾತೊವ್‌ಗೆ ಬಂದಿದ್ದರು. ಗಂಡ ಮಾಸ್ಕೋದ ಜೈಲಿನಲ್ಲಿದ್ದಾರೆಂದು ತಿಳಿದು, ತಮಗೇ ಇಲ್ಲದ ಕಾಲದಲ್ಲಿ ಉಳಿಸಿದ ತಿಂಡಿ ತಿನಿಸನ್ನು ಕಟ್ಟಿ ಮಾಸ್ಕೋಗೆ ಕಳಿಸುತ್ತಿದ್ದರು. ಗಂಡ ಅದೇ ಊರಿನಲ್ಲಿ, ನಡೆದು ಹೋಗಬಹುದಾದ ದೂರದಲ್ಲಿ, ಉಪವಾಸ ಬಿದ್ದಿದ್ದಾರೆಂದು ಆಕೆಗೆ ಯಾರೂ ಹೇಳಲಿಲ್ಲ. ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಡಬ್ಬಿ ಕಟ್ಟಿ ಕಳಿಸುವ ಕೈಗಳು ನಮ್ಮವೂ ಅಲ್ಲವೇ.

ಆದರೆ ಬೀಜಗಳು ಏನಾದವು? 1941ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡನ್ನು ಸುತ್ತುವರಿಯಿತು. ಆ ಮುತ್ತಿಗೆ 872 ದಿನ ನಡೆಯಿತು. ಆ ಚಳಿಗಾಲದಲ್ಲಿ ಹೆಚ್ಚಿನ ಜನರಿಗೆ ದಿನಕ್ಕೆ ಸಿಗುತ್ತಿದ್ದದ್ದು 125 ಗ್ರಾಂ ರೊಟ್ಟಿ, ಅದರಲ್ಲೂ ಮರದ ಹೊಟ್ಟಿನಂಥ ಕಲಬೆರಕೆ. ಸಂಸ್ಥೆಯ ಒಳಗೆ ಅಕ್ಕಿ, ಗೋಧಿ, ಕಡಲೆಕಾಯಿ, ಬಟಾಣಿ ಡಬ್ಬಿ ಡಬ್ಬಿ ತುಂಬಿತ್ತು. ನಗರದ ಹೊರಗಿನ ಪಾವ್ಲೊವ್‌ಸ್ಕ್ ಹೊಲದಲ್ಲಿದ್ದ ಆಲೂಗಡ್ಡೆ ತಳಿಗಳನ್ನು ಓಲ್ಗಾ ವೊಸ್ಕ್ರೆಸೆನ್‌ಸ್ಕಯಾ ಎಂಬ ಹೆಣ್ಣುಮಗಳೂ ಅಬ್ರಹಾಂ ಕಮೆರಾಜ್ ಎಂಬ ಸಹೋದ್ಯೋಗಿಯೂ ಗುಂಡಿನ ಸುರಿಮಳೆಯ ನಡುವೆ ಅಗೆದು ತಂದರು. ನೆಲಮಾಳಿಗೆಯಲ್ಲಿ ಇಟ್ಟ ಆ ಗಡ್ಡೆಗಳು ಚಳಿಗೆ ಹೆಪ್ಪುಗಟ್ಟದಂತೆ, ಇಲಿ ತಿನ್ನದಂತೆ, ಸಿಕ್ಕ ಹಲಗೆ ಕಾಗದ ಉರಿಸಿ ಕಾದರು. ಅಕ್ಕಿಯ ಸಂಗ್ರಹ ನೋಡಿಕೊಳ್ಳುತ್ತಿದ್ದ ಇವಾನೋವ್, ಅಕ್ಕಿಯ ಮೂಟೆಗಳ ನಡುವೆ ಹಸಿವಿನಿಂದ ಸತ್ತರು. ಕಡಲೆಕಾಯಿಯ ಶ್ಚುಕಿನ್ ಮೇಜಿನ ಮುಂದೆ ಕೂತಲ್ಲೇ ಪ್ರಾಣ ಬಿಟ್ಟರು. ಓಟ್ಸ್ ನೋಡಿಕೊಳ್ಳುತ್ತಿದ್ದ ಲಿಲಿಯಾ ರೋಡಿನಾ ಕೂಡ. ಒಂದು ಡಜನ್‌ಗೂ ಹೆಚ್ಚು ಜನ ಹೀಗೆ ಹೋದರು. ತಮ್ಮ ಗುರು ಬದುಕಿದ್ದಾರೋ ಇಲ್ಲವೋ ಎಂದು ಅವರಿಗೆ ಗೊತ್ತಿರಲಿಲ್ಲ. ಆದರೂ ಒಂದು ಡಬ್ಬಿಯನ್ನೂ ತೆರೆದು ತಿನ್ನಲಿಲ್ಲ.

1942ರ ವಸಂತದಲ್ಲಿ ನಗರದ ಉದ್ಯಾನಗಳೆಲ್ಲ ತರಕಾರಿ ಮಡಿಗಳಾದವು. ಸಂಸ್ಥೆಯ ಮುಂದಿನ ಸೇಂಟ್ ಐಸಾಕ್ ಚೌಕದಲ್ಲೇ ಎಲೆಕೋಸು ಬೆಳೆದರು. ಆ ದೊಡ್ಡ ಚರ್ಚಿನ ಎದುರು ಹೆಂಗಸರು ಕೋಸು ಕೊಯ್ಯುವ ಫೋಟೊ ಈಗಲೂ ಇದೆ. ಉಳಿದಿದ್ದ ವಿಜ್ಞಾನಿಗಳು ಜನರಿಗೆ ತರಕಾರಿ ಬೆಳೆಯಲು ಕಲಿಸಿದರು, ಕಾದಿಟ್ಟ ಆಲೂಗಡ್ಡೆಯನ್ನು ಮತ್ತೆ ಮಣ್ಣಿಗೆ ಹಾಕಿದರು.

ವಾವಿಲೋವರು ನಿರಪರಾಧಿ ಎಂದು ಸರ್ಕಾರ ಒಪ್ಪಿದ್ದು 1955ರಲ್ಲಿ. ಎಲೆನಾ ಆಗ ಕಾಯಿಲೆಯವರು. ಆದರೂ ಗಂಡನ ಬರಹಗಳನ್ನು ಜೋಡಿಸಲು ಕೂತರು. 1957ರಲ್ಲಿ ತೀರಿಕೊಂಡರು. ಸಂಸ್ಥೆಗೆ ಈಗ ವಾವಿಲೋವರದೇ ಹೆಸರು. ಅಲ್ಲಿ ಇಂದು ಮೂರು ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ.

ಅವರ ದಾರಿ ನಮ್ಮ ದೇಶಕ್ಕೂ ಬಂದಿದೆ. ದಿಲ್ಲಿಯ ಪೂಸಾದಲ್ಲಿರುವ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊದ ಬೀಜ ಭಂಡಾರದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿ ಮಾದರಿಗಳಿವೆ. ಬೆಂಗಳೂರಿನ ಹೆಸರಘಟ್ಟದ ಸಂಸ್ಥೆ ಕೊಟ್ಟ ಅರ್ಕಾ ಅನಾಮಿಕಾ ಬೆಂಡೆಯನ್ನು ನೀವೆಲ್ಲ ತಿಂದಿರುತ್ತೀರಿ. ಬೆಂಡೆಯ ಹಳದಿ ನಂಜುರೋಗ ತಡೆಯುವ ಗುಣವನ್ನು ಅದಕ್ಕೆ ತಂದದ್ದು ಬೆಂಡೆಯ ಒಂದು ಕಾಡು ಬಂಧುವಿನಿಂದ. ಆ ಕಾಡು ಗಿಡವನ್ನು ಕಳೆ ಎಂದು ಎಲ್ಲರೂ ಕಿತ್ತೆಸೆದಿದ್ದರೆ ಈ ಬೆಂಡೆ ಇರುತ್ತಿರಲಿಲ್ಲ. ಇನ್ನು ಮಟ್ಟುಗುಳ್ಳ. ವಾದಿರಾಜರು ಕೊಟ್ಟ ಬೀಜ ಎಂಬ ನಂಬಿಕೆಯಿಂದ ಮಟ್ಟು ಗ್ರಾಮದ ರೈತರು ಅದನ್ನು ಬಿಡದೆ ಬೆಳೆದರು. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆ ಬಂತು. ನನ್ನ ಅತ್ತೆಯ ಬದನೆಗೆ ಹೆಸರೂ ಇರಲಿಲ್ಲ, ಕಾಯುವವರೂ ಸಿಗಲಿಲ್ಲ.

ಹಸಿದು ಸಾಯುವಾಗಲೂ ಬೀಜ ಮುಟ್ಟದವರ ಕಥೆ ಓದಿದ ಮೇಲೆ, ಹೊಟ್ಟೆ ತುಂಬಿದ್ದಾಗಲೇ ಬೀಜ ಎಸೆದವಳಿಗೆ ನಾಚಿಕೆಯಾಗದೆ ಇರುತ್ತದೆಯೇ? ಕಳೆದ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದಾಗ ಓರಗಿತ್ತಿಯ ಜೊತೆ ಅಟ್ಟ ಹತ್ತಿ ಹುಡುಕಿದೆ. ಬೂದಿಯಲ್ಲಿ ಹಾಕಿಟ್ಟ ಒಂದು ಡಬ್ಬಿ ಸಿಕ್ಕಿತು. ಅದರಲ್ಲಿ ಬದನೆ ಬೀಜ ಇರಲಿಲ್ಲ. ಕೆಂಪು ಅಲಸಂಡೆಯ ಇಪ್ಪತ್ತೊಂದು ಬೀಜ ಇದ್ದವು. ಮುಂಬಯಿಗೆ ತಂದು ಒದ್ದೆ ಬಟ್ಟೆಯಲ್ಲಿ ಇಟ್ಟೆ. ಮೂರು ಮೊಳೆತವು. ಎರಡು ಬಳ್ಳಿ ಉಳಿದವು. ಮೊದಲ ಕಾಯಿಗಳನ್ನು ಪಲ್ಯ ಮಾಡೋಣ ಎಂದು ಮನೆಯವರು ಆಸೆಪಟ್ಟರು. ನಾನು ಕೊಯ್ಯಲು ಬಿಡಲಿಲ್ಲ, ಬಳ್ಳಿಯಲ್ಲೇ ಒಣಗಿಸಿದೆ.

ಈಗ ನನ್ನ ಹತ್ತಿರ ಒಂದು ಹಿಡಿ ಬೀಜ ಇದೆ. ಬರುವ ನಮ್ಮ ಮಹಿಳಾ ವಿಭಾಗದ ಸಭೆಗೆ ಪೊಟ್ಟಣ ಕಟ್ಟಿ ತರುತ್ತೇನೆ. ಬಾಲ್ಕನಿ ಇದ್ದವರು, ಊರಿನಲ್ಲಿ ಹಿತ್ತಿಲು ಇದ್ದವರು ದಯವಿಟ್ಟು ಒಂದೊಂದು ಒಯ್ಯಿರಿ. ಒಬ್ಬಳ ಡ್ರಾಯರಿನಲ್ಲಿ ಇದ್ದರೆ ಕಳೆಯುತ್ತದೆ, ಹತ್ತು ಮನೆಯಲ್ಲಿ ಇದ್ದರೆ ಒಂದು ಮನೆಯಲ್ಲಾದರೂ ಉಳಿಯುತ್ತದೆ. ನಿಮ್ಮ ಅಮ್ಮ, ಅತ್ತೆ, ಅಜ್ಜಿ ಇನ್ನೂ ಇದ್ದರೆ, ಅವರ ಹಿತ್ತಿಲಿನಲ್ಲಿ ಏನೇನು ಇದೆ ಎಂದು ಈ ವಾರವೇ ಒಂದು ಫೋನ್ ಮಾಡಿ ಕೇಳಿ. ಹಾಗೆಯೇ, ತಿಳಿ ಹಸಿರು ಬಣ್ಣದ, ತೊಟ್ಟಿನ ಬಳಿ ಬಿಳಿ ಗೆರೆಯ ಸಣ್ಣ ಬದನೆ ಉಡುಪಿ ಕಡೆ ಯಾರ ಮನೆಯಲ್ಲಾದರೂ ಕಂಡರೆ, ನನಗೆ ಖಂಡಿತ ತಿಳಿಸಿ.